ತಾಯಿ ಅಳಲಿಲ್ಲ ಅನ್ನುವುದು ಸಾಕ್ಷಿಯಲ್ಲ

ಮಾನ್ಯ ಸಂಪಾದಕರೇ,

ಮ್ಯಾಡೆಲಿನ್ ಮೆಕ್‌ಕ್ಯಾನ್ ಎಂಬ ಬ್ರಿಟಿಷ್ ಮಗು ಕಾಣೆಯಾದ ಪ್ರಕರಣದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಮಗು ಹೇಗೆ ಕಾಣೆಯಾಯಿತು ಅನ್ನುವುದಕ್ಕೆ ಎರಡು ಪ್ಯಾರಾ. ಉಳಿದದ್ದೆಲ್ಲ ತಂದೆ ತಾಯಿಯ ಮೇಲಿನ ಅನುಮಾನ. ತಾಯಿ ಕ್ಯಾಮೆರಾ ಮುಂದೆ ಯಾಕೆ ಅಳಲಿಲ್ಲ, ಮಾಧ್ಯಮ ವಕ್ತಾರರನ್ನು ಯಾಕೆ ಇಟ್ಟುಕೊಂಡರು, ಪೋಪ್ ಹತ್ತಿರ ಯಾಕೆ ಹೋದರು ಎಂಬ ಪ್ರಶ್ನೆಗಳು. ಪೋರ್ಚುಗಲ್ ಪೊಲೀಸರು ಅವರನ್ನು ಶಂಕಿತರೆಂದು ಹೆಸರಿಸಿದ್ದು ದಪ್ಪ ಅಕ್ಷರದಲ್ಲಿದೆ. ಆಮೇಲೆ ಅದನ್ನು ತೆಗೆದುಹಾಕಿದ್ದು ಎಲ್ಲೂ ಇಲ್ಲ. ನಿಮ್ಮ ಫೇಸ್‌ಬುಕ್ ಪುಟದಲ್ಲಿ ಇದೇ ಬರಹದ ಕೆಳಗೆ ಜನ "ಆ ತಾಯಿ ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ತೀರ್ಪು ಕೊಡುತ್ತಿದ್ದಾರೆ.

ನಾನು ಹಾಸನದವಳು. ಮದುವೆಯಾದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ, ಇಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಆ ಕುಟುಂಬದ ಊರು ರಾತ್ಲಿ ನಮ್ಮಿಂದ ಹೆಚ್ಚು ದೂರವಿಲ್ಲ. 2007ರ ಬೇಸಿಗೆಯಲ್ಲಿ ಆ ಊರಿನ ಯುದ್ಧ ಸ್ಮಾರಕದ ಸುತ್ತ ಜನ ಹಳದಿ ರಿಬ್ಬನ್ ಕಟ್ಟಿ, ಗೊಂಬೆಗಳನ್ನು ಇಟ್ಟು ಹೋಗುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ನಮ್ಮ ಕೌಂಟರಿನ ಮುಂದೆ ಔಷಧಿಗೆ ಕಾಯುತ್ತಾ ನಿಂತವರು ಅದೇ ತಂದೆ ತಾಯಿಯನ್ನು ಕೊಲೆಗಾರರು ಅನ್ನುತ್ತಿದ್ದರು. ಅವರ ಕೈಯಲ್ಲಿ ಆ ದಿನದ ಪೇಪರ್ ಇರುತ್ತಿತ್ತು.

ನಡೆದದ್ದು ಇಷ್ಟು. 2007ರ ಮೇ 3ರ ರಾತ್ರಿ, ಪೋರ್ಚುಗಲ್‌ನ ಪ್ರಾಯಾ ದ ಲುಜ್ ಎಂಬ ಕಡಲ ತೀರದ ಊರಿನಲ್ಲಿ, ರಜೆಗೆ ಬಂದಿದ್ದ ಕುಟುಂಬದ ಅಪಾರ್ಟ್‌ಮೆಂಟಿನಿಂದ ಮ್ಯಾಡೆಲಿನ್ ಕಾಣೆಯಾದಳು. ನಾಲ್ಕು ತುಂಬಲು ಕೆಲವೇ ದಿನ ಬಾಕಿ ಇತ್ತು. ತಾಯಿ ಕೇಟ್, ತಂದೆ ಜೆರ್ರಿ ಇಬ್ಬರೂ ಡಾಕ್ಟರು. ಅವಳನ್ನೂ ಅವಳಿ ಮಕ್ಕಳನ್ನೂ ಮಲಗಿಸಿ, ಹತ್ತಿರದ ರೆಸ್ಟೋರೆಂಟಿನಲ್ಲಿ ಸ್ನೇಹಿತರ ಜೊತೆ ಊಟಕ್ಕೆ ಕೂತಿದ್ದರು. ಆಗಾಗ ಎದ್ದು ಹೋಗಿ ನೋಡಿ ಬರುತ್ತಿದ್ದರು. ಮೂರು ಪುಟ್ಟ ಮಕ್ಕಳನ್ನು ಹಾಗೆ ಬಿಟ್ಟು ಹೋಗಬಾರದಿತ್ತು. ನಾನಂತೂ ಬಿಡುತ್ತಿರಲಿಲ್ಲ. ಆ ತಾಯಿ ತಂದೆಯೂ ಅದಕ್ಕಾಗಿ ನೊಂದು ಮಾತನಾಡಿದ್ದಾರೆ. ಆದರೆ ಮಕ್ಕಳನ್ನು ಬಿಟ್ಟು ಊಟಕ್ಕೆ ಹೋದದ್ದಕ್ಕೂ ಮಗುವನ್ನು ಕೊಂದು ಹೆಣ ಮುಚ್ಚಿಟ್ಟರು ಅನ್ನುವುದಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?

ಈಗ ಮಾಧ್ಯಮದ ವಿಷಯಕ್ಕೆ ಬರುತ್ತೇನೆ. ಪೋರ್ಚುಗಲ್‌ನಲ್ಲಿ ಆಗ ತನಿಖೆಯನ್ನು ಗುಟ್ಟಾಗಿಡಬೇಕು ಎಂಬ ಕಾನೂನು ಇತ್ತು. ಪೊಲೀಸರು ದಿನಾ ಪತ್ರಿಕಾಗೋಷ್ಠಿ ಕರೆದು ಹೇಳುವಂತಿರಲಿಲ್ಲ. ಊರಿನ ತುಂಬ ಕ್ಯಾಮೆರಾಗಳು, ಹೇಳಲು ಯಾರೂ ಇಲ್ಲ. ಆ ಜಾಗಕ್ಕೆ ತಂದೆ ತಾಯಿ ಬಂದು ನಿಂತರು. ಮಗಳ ಬಲಗಣ್ಣಿನಲ್ಲಿ ಕೊಲೊಬೊಮಾ ಎಂಬ ಹುಟ್ಟು ಗುರುತು ಇತ್ತು, ಕರಿ ಪಾಪೆ ಕೆಳಕ್ಕೆ ಹರಿದಂತೆ ಕಾಣುತ್ತದೆ. ಅದನ್ನೇ ಪೋಸ್ಟರಿನಲ್ಲಿ ಹಾಕಿಸಿದರು. ಗುರುತು ಬಯಲಾದರೆ ಎತ್ತಿಕೊಂಡು ಹೋದವನು ಹೆದರಿ ಮಗುವಿಗೆ ಏನಾದರೂ ಮಾಡಿಯಾನು ಎಂಬ ಆತಂಕವೂ ಇತ್ತು. ಗುರುತು ಹೇಳದಿದ್ದರೆ ಯಾರಾದರೂ ಹುಡುಕುವುದಾದರೂ ಹೇಗೆ? ಎರಡರಲ್ಲಿ ಒಂದನ್ನು ಆರಿಸಬೇಕಿತ್ತು, ಆರಿಸಿದರು. ಮೇ 30ರಂದು ರೋಮ್‌ನಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಅವರನ್ನು ಕಂಡರು. ಕ್ಯಾಥೊಲಿಕ್ ದಂಪತಿ, ಕ್ಯಾಥೊಲಿಕ್ ದೇಶದಲ್ಲಿ ಕಳೆದುಹೋದ ಮಗು. ಮಗು ಕಳೆದುಕೊಂಡ ನಮ್ಮೂರಿನವರು ಧರ್ಮಸ್ಥಳಕ್ಕೆ ಹೋದರೆ ಯಾರಾದರೂ ಅನುಮಾನ ಪಡುತ್ತಾರಾ?

ಅಳದೇ ಇದ್ದದ್ದಕ್ಕೂ ಕಾರಣವಿದೆ. ಎತ್ತಿಕೊಂಡು ಹೋದವನು ಟಿವಿ ನೋಡುತ್ತಿರಬಹುದು, ನಿಮ್ಮ ಅಳು ನೋಡಿ ಅವನಿಗೆ ಖುಷಿಯಾಗಬಹುದು, ಆದ್ದರಿಂದ ಭಾವನೆ ತೋರಿಸಬೇಡಿ ಎಂದು ತಜ್ಞರು ಅವರಿಗೆ ಹೇಳಿದ್ದರು. ಮಗು ವಾಪಸ್ ಬರಲಿ ಅಂತ ಆ ತಾಯಿ ಹಲ್ಲು ಕಚ್ಚಿ ಅಳು ತಡೆದಳು. ಅದನ್ನೇ ಲೋಕ ಅವಳ ವಿರುದ್ಧ ಸಾಕ್ಷಿ ಮಾಡಿತು. ಜೂನ್‌ನಲ್ಲಿ ಬರ್ಲಿನ್‌ಗೆ ಮಗಳ ಪೋಸ್ಟರ್ ಹಿಡಿದು ಹೋದಾಗ ಒಬ್ಬ ಪತ್ರಕರ್ತೆ ಎಲ್ಲರೆದುರೇ, ನಿಮ್ಮ ನಡವಳಿಕೆ ಸಾಮಾನ್ಯರ ಹಾಗಿಲ್ಲ, ಇದರಲ್ಲಿ ನಿಮ್ಮ ಕೈವಾಡ ಇದೆಯಾ ಎಂದು ಕೇಳಿಬಿಟ್ಟರು. ಸಾವಿನ ಮನೆಗೆ ಹೋಗಿ ಬಂದು ಸೊಸೆ ಎಷ್ಟು ಅತ್ತಳು ಅಂತ ಲೆಕ್ಕ ಹಾಕುವ ಚಾಳಿ ನಮ್ಮ ಕಡೆಯೂ ಉಂಟು. ಅತ್ತರೆ ನಾಟಕ, ಅಳದಿದ್ದರೆ ಕಲ್ಲು ಮನಸ್ಸು. ಆ ತಾಯಿ ಹೇಗೆ ಇದ್ದಿದ್ದರೆ ಸರಿ ಅನ್ನಿಸುತ್ತಿತ್ತು ಎಂದು ನಿಮ್ಮ ಲೇಖಕರು ಹೇಳಲಿ.

ಸೆಪ್ಟೆಂಬರ್ 7ರಂದು ಇಬ್ಬರನ್ನೂ ಶಂಕಿತರು ಎಂದು ಹೆಸರಿಸಿದರು. ಸಿಕ್ಕ ಕುರುಹು ಮಗುವಿನ ಡಿಎನ್‌ಎಗೆ ಹೊಂದಿತು ಎಂದು ಪತ್ರಿಕೆಗಳಿಗೆ ಸುದ್ದಿ ಸೋರಿತು. ಬ್ರಿಟನ್ನಿನ ಪ್ರಯೋಗಾಲಯ ಹೇಳಿದ್ದು, ಇದರಿಂದ ಖಚಿತವಾಗಿ ಏನೂ ಹೇಳಲಾಗದು ಎಂದು. ಬಿಬಿಸಿಯಲ್ಲಿ ಪತ್ರಕರ್ತರಾಗಿದ್ದ ಕ್ಲಾರೆನ್ಸ್ ಮಿಚೆಲ್ ಸರ್ಕಾರಿ ಕೆಲಸ ಬಿಟ್ಟು ಕುಟುಂಬದ ವಕ್ತಾರರಾದದ್ದು ಆ ತಿಂಗಳಲ್ಲೇ. ನಾಲ್ಕು ತಿಂಗಳು ಕ್ಯಾಮೆರಾ ಎದುರಿಸಿದವರು, ಈಗ ತಮ್ಮ ಮೇಲೇ ಆರೋಪ ಬಂದಾಗ ಮಾತನಾಡಲು ಒಬ್ಬರನ್ನು ಇಟ್ಟುಕೊಂಡರೆ ತಪ್ಪೇನು? 2008ರ ಜುಲೈ 21ರಂದು ಪೋರ್ಚುಗಲ್ ಆ ಶಂಕಿತ ಪಟ್ಟ ತೆಗೆದು, ಸಾಕ್ಷ್ಯ ಇಲ್ಲವೆಂದು ಕಡತ ಮುಚ್ಚಿತು. ನಿಮ್ಮ ಬರಹದಲ್ಲಿ ಇಲ್ಲದ ಸಾಲು ಇದು.

ಅದಕ್ಕೂ ಮೊದಲೇ, 2008ರ ಮಾರ್ಚ್‌ನಲ್ಲಿ, ಡೈಲಿ ಎಕ್ಸ್‌ಪ್ರೆಸ್ ಮತ್ತು ಡೈಲಿ ಸ್ಟಾರ್ ಎಂಬ ಬ್ರಿಟಿಷ್ ಪತ್ರಿಕೆಗಳು ಮುಖಪುಟದಲ್ಲೇ ಕ್ಷಮೆ ಕೇಳಿದ್ದವು. 5,50,000 ಪೌಂಡ್ ಪರಿಹಾರ ಕೊಟ್ಟವು. ಆ ದುಡ್ಡು ಮಗುವನ್ನು ಹುಡುಕುವ ನಿಧಿಗೆ ಹೋಯಿತು. ಈ ಸುದ್ದಿ ಹಾಕಿದ ದಿನಗಳಲ್ಲಿ ಪ್ರತಿಗಳು ಜಾಸ್ತಿ ಖರ್ಚಾಗುತ್ತಿದ್ದವು ಎಂದು ಎಕ್ಸ್‌ಪ್ರೆಸ್‌ನ ಸಂಪಾದಕರೇ ಸಂಸತ್ತಿನ ಸಮಿತಿಗೆ ಹೇಳಿದರು. ಪೊಲೀಸರು ವಶಪಡಿಸಿಕೊಂಡಿದ್ದ ಕೇಟ್ ಅವರ ಖಾಸಗಿ ಡೈರಿ ನ್ಯೂಸ್ ಆಫ್ ದಿ ವರ್ಲ್ಡ್ ಎಂಬ ಪತ್ರಿಕೆಯ ಕೈಗೆ ಸಿಕ್ಕು, ಅವರಿಗೆ ಒಂದು ಮಾತೂ ಕೇಳದೆ ಅಚ್ಚಾಯಿತು. ಕಾಣೆಯಾದ ಮಗಳಿಗೆ ತಾಯಿ ಬರೆದುಕೊಂಡ ಮಾತುಗಳು ಭಾನುವಾರದ ಪತ್ರಿಕೆಯಲ್ಲಿ! ಇದನ್ನೆಲ್ಲ ದಂಪತಿ 2011ರ ನವೆಂಬರ್‌ನಲ್ಲಿ ಪತ್ರಿಕೆಗಳ ನಡವಳಿಕೆಯನ್ನು ಪರಿಶೀಲಿಸುತ್ತಿದ್ದ ಲೆವಿಸನ್ ವಿಚಾರಣೆಯ ಮುಂದೆ ಹೇಳಿದರು. ನಾನು ಟಿವಿಯಲ್ಲಿ ಪೂರ್ತಿ ನೋಡಿದೆ.

ಒಂದು ಟೀಕೆಯನ್ನು ಮಾತ್ರ ನಾನು ಒಪ್ಪುತ್ತೇನೆ. 1991ರಲ್ಲಿ ಗ್ರೀಸಿನ ಕೊಸ್ ದ್ವೀಪದಲ್ಲಿ ಕಾಣೆಯಾದ ಪುಟ್ಟ ಬ್ರಿಟಿಷ್ ಹುಡುಗ ಬೆನ್ ನೀಡಮ್‌ನ ಮನೆಯವರಿಗೆ ಇಷ್ಟು ಗಮನ, ಇಷ್ಟು ಸರ್ಕಾರಿ ನೆರವು ಸಿಗಲಿಲ್ಲ. ಆ ಸಿಟ್ಟು ನ್ಯಾಯವಾದದ್ದು. ಅದನ್ನು ಸರ್ಕಾರದ ಮೇಲೆ, ಪತ್ರಿಕೆಗಳ ಮೇಲೆ ತೋರಿಸಬೇಕು. ಇನ್ನೊಂದು ಮಗುವಿನ ತಾಯಿಯ ಮೇಲಲ್ಲ.

ಪತ್ರಿಕೆಗಳು ಕ್ಷಮೆ ಕೇಳಿ ಸುಮ್ಮನಾದವು. ಇಂಟರ್ನೆಟ್ ಸುಮ್ಮನಾಗಲಿಲ್ಲ. ವರ್ಷಗಟ್ಟಲೆ ಅದೇ ಬೈಗುಳ, ಬೆದರಿಕೆ. 2014ರಲ್ಲಿ ಕೆಲವರು ಅದನ್ನೆಲ್ಲ ಒಟ್ಟುಮಾಡಿ ಪೊಲೀಸರಿಗೆ ಕೊಟ್ಟರು. ಒಂದು ಟಿವಿ ಚಾನೆಲ್‌ನವರು ಹಾಗೆ ಬರೆಯುತ್ತಿದ್ದ ಒಬ್ಬ ಮಹಿಳೆಯ ಮನೆ ಮುಂದೆ ಕ್ಯಾಮೆರಾ ಹಿಡಿದು ನಿಂತು, ಮುಖ ತೋರಿಸಿ ಪ್ರಸಾರ ಮಾಡಿದರು. ಕೆಲವೇ ದಿನಗಳಲ್ಲಿ ಆಕೆ ತೀರಿಹೋದರು. ಆತ್ಮಹತ್ಯೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆಕೆ ಬರೆದದ್ದು ತಪ್ಪು. ಆದರೆ ಪೊಲೀಸರು ಮಾಡಬೇಕಾದ ಕೆಲಸವನ್ನು ಕ್ಯಾಮೆರಾ ಮಾಡಿದ್ದನ್ನು ನಾನು ಒಪ್ಪಲಾರೆ. ಆ ಮನೆಯವರ ದುಃಖವೂ ದುಃಖವೇ. ಆಮೇಲೂ ಇದು ನಿಲ್ಲಲಿಲ್ಲ. ತಾನೇ ಮ್ಯಾಡೆಲಿನ್ ಎಂದು ಹೇಳಿಕೊಂಡ ಒಬ್ಬ ಯುವತಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಲಕ್ಷಾಂತರ ಜನ ಹಿಂಬಾಲಕರಾದರು. ಡಿಎನ್‌ಎ ಪರೀಕ್ಷೆ ಅಲ್ಲ ಎಂದಿತು. ಆದರೂ ಆ ತಂದೆ ತಾಯಿಗೆ ಫೋನು, ಸಂದೇಶ, ಕೊನೆಗೆ ಅವರ ಮನೆ ಬಾಗಿಲಿಗೇ ಬಂದಳು. 2025ರ ನವೆಂಬರ್‌ನಲ್ಲಿ ಇಲ್ಲಿನ ಲೆಸ್ಟರ್ ಕೋರ್ಟು ಅದನ್ನು ಕಿರುಕುಳ ಎಂದು ತೀರ್ಮಾನಿಸಿತು.

ಇಂಗ್ಲೆಂಡಿನ ಕಥೆ ನಮಗೇಕೆ ಅನ್ನಬೇಡಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ನಮ್ಮ ರಾಜ್ಯದಲ್ಲಿ ಹರಿದಾಡಿದ್ದು 2018ರಲ್ಲಿ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅಂತ ಹೈದರಾಬಾದಿನಿಂದ ಬಂದ ಯುವಕರ ಮೇಲೆ ಗುಂಪು ಬಿದ್ದು, ಒಬ್ಬರನ್ನು ಕೊಂದಿತು. ಅವತ್ತು ನಿಮ್ಮ ಪತ್ರಿಕೆ ಗಾಳಿಸುದ್ದಿ ನಂಬಬೇಡಿ ಎಂದು ಚೆನ್ನಾಗಿ ಬರೆದಿತ್ತು. ಊರಿನಿಂದ ನನ್ನ ತಮ್ಮ ಕಳಿಸಿದ್ದ. ಅದೇ ಎಚ್ಚರವನ್ನು ನಿಮ್ಮ ಪುರವಣಿಯಲ್ಲೂ ಕೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. 2008ರ ಜುಲೈನಲ್ಲಿ ಪಟ್ಟ ತೆಗೆದ ವಿಷಯವನ್ನು ಮುಂದಿನ ಭಾನುವಾರ ಅದೇ ಪುರವಣಿಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ಫೇಸ್‌ಬುಕ್‌ನಲ್ಲಿ ಆ ಬರಹದ ಕೆಳಗಿನ ಕಾಮೆಂಟುಗಳನ್ನು ಮುಚ್ಚಿ. ಕಾಣೆಯಾದ ನಮ್ಮ ಮಕ್ಕಳ ಬಗ್ಗೆ ಬರೆಯುವಾಗ ಮಗುವಿನ ಫೋಟೊ, ಕೊನೆಗೆ ಕಂಡ ಜಾಗ, ಠಾಣೆಯ ನಂಬರು, ಮಕ್ಕಳ ಸಹಾಯವಾಣಿ 1098 ದೊಡ್ಡದಾಗಿ ಇರಲಿ. ತಾಯಿಯ ಮುಖ ಬೇಡ.

ಹಾಸನ ಮೂಲದ ಓದುಗರು, ಲೆಸ್ಟರ್, ಇಂಗ್ಲೆಂಡ್
(ದಯವಿಟ್ಟು ಹೆಸರು ಪ್ರಕಟಿಸಬೇಡಿ)