ಮಂಡಕ್ಕಿ ಭಟ್ಟಿಯ ಹೊಗೆ: ದಾವಣಗೆರೆ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ದಾವಣಗೆರೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಹುಟ್ಟಿ ಬೆಳೆದದ್ದು ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿಯಲ್ಲಿ. ಈಗಲೂ ಅಲ್ಲೇ ಇದ್ದೇನೆ.

ಹೋದ ತಿಂಗಳು ಏಳನೇ ತರಗತಿಗೆ ಆರೋಗ್ಯದ ಪಾಠ ಮಾಡಿದೆ. ಮಕ್ಕಳಿಗೆ ಒಂದು ಚಾರ್ಟ್ ಬರೆದು ತರಲು ಹೇಳಿದ್ದೆ. ಹಲ್ಲು ಉಜ್ಜುವುದು, ಸೋಪು ಹಾಕಿ ಕೈ ತೊಳೆಯುವುದು, ಸೊಪ್ಪು ತರಕಾರಿ ತಿನ್ನುವುದು, ಎಂಟು ಗಂಟೆ ನಿದ್ದೆ, ಒಂದು ಗಂಟೆ ಹೊರಗೆ ಆಟ. ಒಂದು ವಾರ ದಿನಾ ಟಿಕ್ ಹಾಕಬೇಕು, ಅಷ್ಟೆ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಹಲ್ಲಿಗೂ ಕೈಗೂ ಏಳು ದಿನ ಟಿಕ್ ಇತ್ತು. ನಿದ್ದೆಯ ಸಾಲು ಪೂರ್ತಿ ಖಾಲಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಳು: "ಅಮ್ಮಿ ನಾಲ್ಕು ಗಂಟೆಗೆ ಭಟ್ಟಿಗೆ ಹೋಗ್ತಾರೆ. ನಾನು ಎದ್ದು ತಮ್ಮನ್ನ ನೋಡ್ಕೋಬೇಕು." ಆಟದ ಸಾಲಿನಲ್ಲಿ: "ಹೊರಗೆ ಹೊಗೆ ಇರುತ್ತೆ. ಕೆಮ್ಮು ಬರುತ್ತೆ."

ಹತ್ತಕ್ಕೆ ಎಷ್ಟು ಅಂಕ ಕೊಡಬೇಕು ಅಂತ ಗೊತ್ತಾಗಲಿಲ್ಲ. ತನ್ನ ಕೈಲಾದದ್ದನ್ನೆಲ್ಲಾ ಆ ಮಗು ಮಾಡಿತ್ತು. ಉಳಿದದ್ದು ಅವಳ ಕೈಯಲ್ಲಿ ಇರಲಿಲ್ಲ. ಅಂಕ ಹಾಕದೆ ಸಹಿ ಮಾಡಿ ಪುಸ್ತಕ ಮುಚ್ಚಿದೆ. ಅವತ್ತು ರಾತ್ರಿಯೇ ಈ ಪತ್ರ ಬರೆಯಲು ಕೂತೆ.

ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ನಮ್ಮೂರು ಇಲ್ಲ. ಆದರೆ ಮಂಡಕ್ಕಿ ಹೇಗೆ ಆಗುತ್ತದೆ ಅಂತ ಹತ್ತಿರದಿಂದ ನೋಡಿದವರು ಕಡಿಮೆ. ಭತ್ತ ನೆನೆಸಿ, ಬಿಸಿ ಮಾಡಿ, ಒಣಗಿಸಿ, ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಚ್ಚಿ ಹುರಿದು, ಕೆಂಪಗೆ ಕಾದ ಮರಳಿಗೆ ಸುರಿಯುತ್ತಾರೆ. ಕ್ಷಣದಲ್ಲಿ ಅರಳಿಬಿಡುತ್ತದೆ. ಕೂಡಲೇ ಜರಡಿ ಹಿಡಿದು ಮರಳು ಬೇರೆ ಮಾಡಬೇಕು. ಕೆಳಗೆ ಒಲೆ ಉರಿಯುತ್ತಲೇ ಇರುತ್ತದೆ. ಹೆಚ್ಚಾಗಿ ಭತ್ತದ ಹೊಟ್ಟು. ಹೊಟ್ಟು ದುಬಾರಿಯಾದಾಗ ಕೈಗೆ ಸಿಕ್ಕಿದ್ದನ್ನು ಉರಿಸುವುದೂ ಉಂಟು. ಆವತ್ತಿನ ಹೊಗೆಯ ಬಣ್ಣವೇ ಬೇರೆ, ವಾಸನೆಯೇ ಬೇರೆ. ನಮ್ಮ ಓಣಿಯ ಹೆಂಗಸರು ಹಗ್ಗದ ಮೇಲಿನ ಬಟ್ಟೆ ಎಳೆದುಕೊಂಡು ಒಳಗೆ ಓಡುತ್ತಾರೆ.

ನಮ್ಮ ಅವ್ವ ಇಪ್ಪತ್ತು ವರ್ಷ ಆ ಜರಡಿ ಹಿಡಿದವಳು. ಮಧ್ಯಾಹ್ನ ಮನೆಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲಾ ಬೂದಿ ಬಣ್ಣ. ಸೆರಗಿನಿಂದ ಮೂಗು ಒರೆಸಿಕೊಂಡರೆ ಸೆರಗಿಗೆ ಕಪ್ಪು. ಆ ಕೂಲಿಯಲ್ಲೇ ನನ್ನನ್ನು ಓದಿಸಿದಳು. ಐವತ್ತು ದಾಟುವ ಹೊತ್ತಿಗೆ ಎರಡು ಮೆಟ್ಟಿಲು ಹತ್ತಿದರೆ ದಮ್ಮು. ಆಸ್ಪತ್ರೆಯಲ್ಲಿ ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆ ಮಾಡಿದರು. ಚೀಟಿ ನೋಡಿ ಡಾಕ್ಟರು ಕೇಳಿದ ಮೊದಲ ಮಾತು: "ಬೀಡಿ ಸೇದ್ತೀರಾ ಅಮ್ಮ?" ಜನ್ಮದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ ನಮ್ಮವ್ವ. ಡಾಕ್ಟರದ್ದು ತಪ್ಪಲ್ಲ, ಕೇಳಲೇಬೇಕಾದ ಪ್ರಶ್ನೆ ಅದು. ಉಸಿರಿನ ದಾರಿ ಕಿರಿದಾಗಿ ದಮ್ಮು ಕಟ್ಟುವ ಈ ಕಾಯಿಲೆಗೆ ಸಿಒಪಿಡಿ ಅನ್ನುತ್ತಾರೆ. ಒಮ್ಮೆ ಹಾಳಾದ ಶ್ವಾಸಕೋಶ ಮೊದಲಿನ ಹಾಗೆ ಆಗುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದ 100 ಜನರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಬೀಡಿ ಸಿಗರೇಟೇ ಕಾರಣ, ನಮ್ಮಂಥ ದೇಶಗಳಲ್ಲಿ 30ರಿಂದ 40 ಮಂದಿಗೆ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಲ್ಲಿ ಎಷ್ಟೋ ಮಂದಿ ಒಲೆಯ ಹೊಗೆ, ಕೆಲಸದ ಜಾಗದ ಹೊಗೆ, ಧೂಳು ಕುಡಿದವರು.

ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರು. ಕೊನೆಗೆ ಒಂದು ಸಾಲು: "ಹೊಗೆಯಿಂದ ದೂರ ಇರಿ." ಇನ್‌ಹೇಲರ್ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು. ಆ ಕೊನೆಯ ಸಾಲನ್ನು ಎಲ್ಲಿಂದ ತರಲಿ ಸರ್?

ನಮ್ಮ ಮನೆಯಲ್ಲಿ ಇದು ಮೊದಲನೆಯದೂ ಅಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ನಮ್ಮಜ್ಜ ಹತ್ತಿ ಮಿಲ್ಲಿನಲ್ಲಿದ್ದರು. ಭಾನುವಾರ ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದರೆ ಎದೆ ಬಿಗಿಯುತ್ತಿತ್ತಂತೆ. ಸೋಮವಾರ ಯಾರಿಗೆ ತಾನೆ ಕೆಲಸ ಇಷ್ಟ ಅಂತ ಮನೆಯವರು ಸುಮ್ಮನಾಗುತ್ತಿದ್ದರು. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯ ಗುರುತೇ ಅದು, ರಜೆ ಮುಗಿದ ಮೊದಲ ದಿನ ಎದೆ ಬಿಗಿತ ಜಾಸ್ತಿ. ನಾನು ಇದನ್ನು ಓದಿ ತಿಳಿಯುವಷ್ಟರಲ್ಲಿ ಅಜ್ಜ ಇರಲಿಲ್ಲ.

ಪಾಠದಲ್ಲಿ ನಾನೇ ಬೋರ್ಡಿನ ಮೇಲೆ ಬರೆಸುತ್ತೇನೆ: ಆರೋಗ್ಯ ಅಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ನಾಲ್ಕು ಜನರ ನಡುವಿನ ಬದುಕು ಎಲ್ಲವೂ ಚೆನ್ನಾಗಿರುವುದು. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದ ಮಾತು ಅದು. 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ಆರೋಗ್ಯ ಸಮ್ಮೇಳನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನರಿಗೆ ತಮ್ಮ ಆರೋಗ್ಯ ತಮ್ಮ ಹಿಡಿತಕ್ಕೆ ಸಿಗುವಂತೆ ಮಾಡಬೇಕು ಅಂದಿತು. ಅದಕ್ಕೆ ಮೊದಲು ಏನೇನು ಇರಬೇಕು ಅಂತಲೂ ಹೇಳಿತು: ಶಾಂತಿ, ಮನೆ, ಓದು, ಊಟ, ಆದಾಯ, ಹಾಳಾಗದ ಪರಿಸರ, ನ್ಯಾಯ, ಸಮಾನತೆ. ಈ ಪಟ್ಟಿಯಲ್ಲಿ ಆಸ್ಪತ್ರೆ ಇಲ್ಲ, ಗಮನಿಸಿ. ಆಸ್ಪತ್ರೆ ಬೇಡ ಅಂತಲ್ಲ. ನಮ್ಮೂರಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ, ಸುತ್ತಲಿನ ಜಿಲ್ಲೆಯವರೂ ಇಲ್ಲಿಗೇ ಬರುತ್ತಾರೆ. ಆದರೆ ನಮ್ಮ ಓಣಿಯವರು ಅಲ್ಲಿಗೆ ಹೋಗಿ ಕ್ಯೂ ನಿಲ್ಲುವ ಮೊದಲೇ ಕಾಯಿಲೆ ಶುರುವಾಗಿರುತ್ತದೆ, ಅವರ ಮನೆಯಲ್ಲಿ, ಅವರ ಕೆಲಸದ ಜಾಗದಲ್ಲಿ.

ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿ ಮಿತಿಗಿಂತ ಕೆಟ್ಟಿದೆ ಅಂತ ಕರ್ನಾಟಕದಲ್ಲಿ ನಾಲ್ಕು ಊರನ್ನು ಗುರುತಿಸಿದರು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತೆ ನಮ್ಮ ದಾವಣಗೆರೆ. ಗಾಳಿಯ ಧೂಳಿನಲ್ಲಿ ಪಿಎಂ 10 ಅನ್ನುವ ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ ವರ್ಷದ ಸರಾಸರಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಅಂದಿದೆ. ಹೊಗೆಯಲ್ಲಿ ಇದಕ್ಕಿಂತ ಸಣ್ಣ ಕಣಗಳೇ ಜಾಸ್ತಿ. ಅವು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಊರಿನ ಸರಾಸರಿ ಲೆಕ್ಕದಲ್ಲಿ ನಮ್ಮ ಓಣಿಯೂ ಇದೆ, ಮರಗಳಿರುವ ದೊಡ್ಡ ಬಡಾವಣೆಯೂ ಇದೆ. ಎರಡೂ ಕಡೆ ಮಕ್ಕಳು ಒಂದೇ ಗಾಳಿ ಕುಡಿಯುತ್ತಿಲ್ಲ.

ನಾನು ಇದನ್ನು ತಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೊಗೆ ಒಂದು ಇಲಾಖೆಯದು, ಕೂಲಿ ಇನ್ನೊಂದರದು, ಕೆಮ್ಮು ಮತ್ತೊಂದರದು, ರಸ್ತೆ ಧೂಳು ಪಾಲಿಕೆಯದು. ಇವರೆಲ್ಲಾ ಒಂದೇ ಮೇಜಿನ ಸುತ್ತ ಕೂರುವುದು ಜಿಲ್ಲೆಯಲ್ಲಿ ತಾವು ಕರೆದಾಗ ಮಾತ್ರ.

ಭಟ್ಟಿ ಮುಚ್ಚಿಸಿ ಅಂತ ನಾನು ಖಂಡಿತ ಕೇಳುತ್ತಿಲ್ಲ. ಮುಚ್ಚಿದ ಮರುದಿನ ಆ ಹುಡುಗಿಯ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅದೂ ಆರೋಗ್ಯದ ಪ್ರಶ್ನೆಯೇ ಅಲ್ವಾ? ಮನೆ ಒಲೆಯ ಹೊಗೆ ಹೆಂಗಸರನ್ನು ಕೊಲ್ಲುತ್ತಿದೆ ಅಂತ ಗೊತ್ತಾದಾಗ ಅಡುಗೆ ಬಿಡಿ ಅಂತ ಯಾರೂ ಹೇಳಲಿಲ್ಲ, 2016ರಲ್ಲಿ ಉಜ್ವಲ ಯೋಜನೆಯಲ್ಲಿ ಗ್ಯಾಸ್ ಕೊಟ್ಟರು. ಭಟ್ಟಿಗೂ ಹಾಗೇ ಆಗಲಿ. ಸಣ್ಣ ಮಾಲೀಕರ ಕೈಯಲ್ಲಿ ದುಡ್ಡಿಲ್ಲ, ನೋಟಿಸ್ ಕೊಟ್ಟರೆ ಹೊಗೆ ಹಗಲಿನಿಂದ ರಾತ್ರಿಗೆ ಹೋಗುತ್ತದೆ ಅಷ್ಟೆ. ಎತ್ತರದ ಚಿಮಣಿ, ಧೂಳು ಹಿಡಿಯುವ ಯಂತ್ರ, ಕಡಿಮೆ ಹೊಗೆಯ ಒಲೆ ಇವುಗಳಿಗೆ ಸಬ್ಸಿಡಿ, ಸಾಲ ಕೊಡಿಸಿ. ಹೊಟ್ಟು ಬಿಟ್ಟು ಬೇರೆ ಏನನ್ನೂ ಉರಿಸದ ಹಾಗೆ ನೋಡಿಕೊಳ್ಳಿ. ಗಾಳಿ ಅಳೆಯುವ ಯಂತ್ರ ಒಂದನ್ನು ಭಟ್ಟಿಗಳ ಪಕ್ಕದಲ್ಲೇ ಇಡಿಸಿ, ಅದರ ಅಂಕಿಯನ್ನು ಕನ್ನಡ, ಉರ್ದು ಎರಡರಲ್ಲೂ ಬೋರ್ಡಿಗೆ ಹಾಕಿಸಿ. ನಾಲ್ಕು ಗಂಟೆಗೆ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಆ ಹೊತ್ತಿಗೆ ತೆರೆದಿರುವ ಒಂದು ಕೂಸಿನ ಮನೆ ಬೇಕು. ಅಂಗನವಾಡಿ ತೆರೆಯುವಷ್ಟರಲ್ಲಿ ಅವರ ಅರ್ಧ ದಿನದ ಕೆಲಸ ಮುಗಿದಿರುತ್ತದೆ.

ಇನ್ನೊಂದು, ಇದಕ್ಕೆ ಖರ್ಚು ತೀರಾ ಕಡಿಮೆ. ಭಟ್ಟಿಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಊದುವ ಪರೀಕ್ಷೆ ಮಾಡಿಸಿ. ಕೆಲವೇ ನಿಮಿಷದ ಕೆಲಸ. ದಮ್ಮು ಬರುವ ಎಷ್ಟೋ ಮೊದಲೇ ಶ್ವಾಸಕೋಶ ಸೋಲುತ್ತಿರುವುದು ಅದರಲ್ಲಿ ಕಾಣುತ್ತದೆ. ನಮ್ಮವ್ವನಿಗೆ ನಲವತ್ತರಲ್ಲೇ ಗೊತ್ತಾಗಿದ್ದರೆ ಜರಡಿ ಬಿಟ್ಟು ಪ್ಯಾಕಿಂಗ್ ಕಡೆಗಾದರೂ ಹೋಗುತ್ತಿದ್ದಳು.

ಅವ್ವನ ಪರೀಕ್ಷೆಯ ಚೀಟಿ, ಆ ಹುಡುಗಿಯ ಚಾರ್ಟಿನ ಜೆರಾಕ್ಸ್ (ಅವಳ ಅಮ್ಮಿಯನ್ನು ಕೇಳಿಯೇ ಮಾಡಿಸಿದ್ದು, ಹೆಸರು ಅಳಿಸಿದ್ದೇನೆ) ಎರಡೂ ನನ್ನ ಹತ್ತಿರ ಇವೆ. ತಾವು ಸಭೆ ಕರೆದ ದಿನ ತರುತ್ತೇನೆ.

ಇಂತಿ,
ಭಟ್ಟಿ ಪಕ್ಕದ ಓಣಿಯ ಒಬ್ಬ ಶಿಕ್ಷಕಿ
ದಾವಣಗೆರೆ