ರೆಡ್‌ವುಡ್ ಕಾಡಿಗೆ ಬರುವ ಮುನ್ನ

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ಮಗಳ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಪ್ಪ ಫೋನಿನಲ್ಲಿ ಕೇಳಿದ, ರೆಡ್‌ವುಡ್ ಎಂಬ ದೊಡ್ಡ ಮರಗಳ ಕಾಡಿನ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ಅದರ ಹೆಸರು ಮ್ಯೂರ್ ವುಡ್ಸ್. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಸುಮಾರು 19 ಕಿಲೋಮೀಟರ್. ಅಲ್ಲಿ ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಎನ್ನುವ ಬೋರ್ಡುಗಳು ಜಾಸ್ತಿ. ಮರದ ಸ್ವಭಾವ ಗೊತ್ತಿದ್ದರೆ ಒಂದೊಂದಕ್ಕೂ ಕಾರಣ ತಿಳಿಯುತ್ತದೆ.

ಮೊದಲು ಬುಕಿಂಗ್. 2018ರಿಂದ ಕಾರು ನಿಲ್ಲಿಸಲು ಮುಂಗಡ ಬುಕಿಂಗ್ ಕಡ್ಡಾಯ, ಶಟಲ್ ಬಸ್ಸಿಗೂ ಹಾಗೆಯೇ. ಪಾರ್ಕಿಂಗ್ ಬೇರೆ, ಪ್ರವೇಶದ ಟಿಕೆಟ್ ಬೇರೆ. ಒಂದನ್ನು ಕೊಂಡು ಎಲ್ಲ ಮುಗಿಯಿತು ಅಂದುಕೊಳ್ಳುವವರು ಬಹಳ. ರಸ್ತೆ ಬದಿಯಲ್ಲಿ ನಿಲ್ಲಿಸುವ ಹಾಗಿಲ್ಲ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ಟಿಕೆಟನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಬೇಕು. ಊಬರ್ ಹಿಡಿದು ಹೋದವರು ವಾಪಸ್ಸಿಗೆ ಗಾಡಿ ಕರೆಯಲಾಗದೆ ಪರದಾಡುವುದೂ ಇದರಿಂದಲೇ. ಕೊನೆಯ ಕೆಲವು ಮೈಲಿ ಬರೀ ತಿರುವು. ಘಾಟಿಯಲ್ಲಿ ತಲೆ ಸುತ್ತುವ ಅಮ್ಮ ಮುಂದಿನ ಸೀಟಿನಲ್ಲಿ ಕೂರಲಿ, ಬೆಳಗಿನ ತಿಂಡಿ ಮಿತವಾಗಿರಲಿ.

ನೀವು ಬರುವುದು ಇಲ್ಲಿಯ ಬೇಸಿಗೆಯಲ್ಲಿ. ಹಾಗೆಂದು ಸ್ವೆಟರ್ ಬಿಟ್ಟು ಬರಬೇಡಿ. ಆ ಕಣಿವೆಯಲ್ಲಿ ವರ್ಷವಿಡೀ ಹೆಚ್ಚುಕಡಿಮೆ 4ರಿಂದ 21 ಡಿಗ್ರಿ. ತೀರ್ಥಹಳ್ಳಿಯಲ್ಲಿ ಮಳೆ ಹೊಡೆಯುವ ತಿಂಗಳುಗಳಲ್ಲಿ ಇಲ್ಲಿ ಮಳೆಯೇ ಇಲ್ಲವೆನ್ನಬೇಕು. ಆಗ ಈ ಮರಗಳನ್ನು ಕಾಯುವುದು ಮಂಜು. ತೇವದ ಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾಯುವಾಗ ಮಂಜಾಗಿ ಕಣಿವೆಗೆ ನುಗ್ಗುತ್ತದೆ, ಎಲೆಗೆ ತಾಗಿ ಹನಿಗಟ್ಟಿ ಬುಡಕ್ಕೆ ತೊಟ್ಟಿಕ್ಕುತ್ತದೆ. ಎಲೆಗಳೂ ನೇರವಾಗಿ ಒಂದಿಷ್ಟು ಹೀರುತ್ತವೆ. ಈ ಜಾತಿ ಉತ್ತರದ ಆರೆಗನ್ ರಾಜ್ಯದ ಗಡಿಯಿಂದ ದಕ್ಷಿಣದ ಬಿಗ್ ಸರ್ ತನಕದ ಕ್ಯಾಲಿಫೋರ್ನಿಯಾ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಮಾತ್ರ ತಾನಾಗಿ ಬೆಳೆಯುವುದು ಅದಕ್ಕೇ. ಬಿಸಿಲೇರಲಿ ಎಂದು ಕಾದು ಹೋದರೆ ಕಾಡಿನ ಅರ್ಧ ಜೀವವನ್ನೇ ನೋಡಿದಂತಾಗುವುದಿಲ್ಲ. ಬೆಳಗ್ಗೆ 8ಕ್ಕೆ, ತೆರೆಯುವ ಹೊತ್ತಿಗೇ ಅಲ್ಲಿರಬೇಕು.

ಇಲ್ಲಿಯ ಅತಿ ಎತ್ತರದ ಮರ ಸುಮಾರು 79 ಮೀಟರ್. ಹೆಚ್ಚಿನ ದೊಡ್ಡ ಮರಗಳಿಗೆ 600ರಿಂದ 800 ವರ್ಷ. ಇಷ್ಟೆತ್ತರದ ಮರಕ್ಕೆ ತಾಯಿಬೇರಿಲ್ಲ! ಬೇರು ಇಳಿಯುವುದು ಎರಡರಿಂದ ನಾಲ್ಕು ಮೀಟರ್ ಅಷ್ಟೇ, ಹರಡುವುದು ಮಾತ್ರ 30 ಮೀಟರ್ ತನಕ. ಅಕ್ಕಪಕ್ಕದ ಬೇರುಗಳು ಹೆಣೆದುಕೊಂಡು ಒಂದನ್ನೊಂದು ಹಿಡಿದಿರುತ್ತವೆ. ಬುಡ ತುಳಿದರೆ ಮಣ್ಣು ಗಟ್ಟಿಯಾಗಿ ನೀರು, ಗಾಳಿ ಇಳಿಯದು. ಉತ್ತರದ ರೆಡ್‌ವುಡ್ ನ್ಯಾಷನಲ್ ಪಾರ್ಕಿನಲ್ಲಿರುವ ಹೈಪೀರಿಯನ್ ಲೋಕದಲ್ಲೇ ಎತ್ತರದ ಮರ, ಸುಮಾರು 116 ಮೀಟರ್. ನೋಡಲು ಬಂದವರೇ ಅದರ ಸುತ್ತಲಿನ ನೆಲವನ್ನು ತುಳಿದು ಹಾಳುಮಾಡಿದ್ದರಿಂದ 2022ರಲ್ಲಿ ಆ ಜಾಗಕ್ಕೆ ಪ್ರವೇಶವನ್ನೇ ನಿಷೇಧಿಸಿದರು. ಆದ್ದರಿಂದ ಮ್ಯೂರ್ ವುಡ್ಸ್‌ನಲ್ಲಿ ಫೋಟೋಗೆಂದೂ ಬೇಲಿ ದಾಟಬೇಡಿ.

ನಡೆಯುವ ದಾರಿ ಹಲಗೆ ಹಾಸಿದ್ದು, ಬಹುಮಟ್ಟಿಗೆ ಸಮತಟ್ಟು. ಕಾಡಿನೊಳಗಿನ ಹೊಳೆಯ ಎರಡನೇ ಸೇತುವೆ ಸುತ್ತಿ ಬರಲು ಅರ್ಧ ಗಂಟೆ, ಮೂರನೆಯದಕ್ಕೆ ಒಂದು ಗಂಟೆ. ಅಪ್ಪನ ಮಂಡಿಗೆ ಅಷ್ಟು ಸಾಕು. ಒದ್ದೆ ಹಲಗೆ ಜಾರುತ್ತದೆ, ಚಪ್ಪಲಿ ಬೇಡ, ಶೂ ಇರಲಿ. ಕೆಲವು ಕಡೆ ಮರಗಳು ದುಂಡಗೆ ನಿಂತಿರುವುದನ್ನು ಗಮನಿಸಿ. ನಡುವಿನ ತಾಯಿಮರ ಸತ್ತ ಮೇಲೆ ಅದರ ಬುಡದಿಂದ, ಬಾಳೆಯ ಕಂದಿನ ಹಾಗೆ, ಎದ್ದವು ಅವು. ಬೆಂಕಿ ತಗುಲಿ ಪೊಟರೆಯಾದ ಕಾಂಡದಲ್ಲೂ ಮರ ಹಸಿರಾಗಿಯೇ ಇರುತ್ತದೆ: ತೊಗಟೆ ಒಂದಡಿ ತನಕ ದಪ್ಪ, ರಾಳ ಬಹಳ ಕಡಿಮೆ.

ಇಂಬಳದ ಭಯವಿಲ್ಲ. ಮೂರೆಲೆಯ ಪಾಯ್ಸನ್ ಓಕ್ ಗಿಡವನ್ನು ಮಾತ್ರ ಮುಟ್ಟಬೇಡಿ. ಅದು ನಮ್ಮ ಹೊಳಗೇರಿನ ಕುಟುಂಬದ್ದೇ, ಹಾಗೆಯೇ ಮೈಯಲ್ಲಿ ಗುಳ್ಳೆ ಏಳಿಸುತ್ತದೆ. ಅಮ್ಮ, ಬುತ್ತಿ ಕಾಡಿನೊಳಗೆ ಬಿಚ್ಚುವ ಹಾಗಿಲ್ಲ. ಚೂರು ಬಿದ್ದರೆ ಜೇ ಹಕ್ಕಿ, ಕಾಗೆ ಸೇರುತ್ತವೆ, ಅವು ಬೇರೆ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಊಟ ಹತ್ತಿರದ ಮ್ಯೂರ್ ಬೀಚಿನಲ್ಲಿ ಮಾಡೋಣ.

ಹೊಳೆಗೆ ಬಿದ್ದ ದಿಮ್ಮಿಗಳನ್ನು ಯಾಕೆ ತೆಗೆಯಲಿಲ್ಲವೆಂದು ಅಪ್ಪ ಕೇಳಿಯೇ ಕೇಳುತ್ತಾರೆ. ಚಳಿಗಾಲದಲ್ಲಿ ಕೋಹೋ ಸಾಲ್ಮನ್ ಮೀನು ಸಮುದ್ರದಿಂದ ಬಂದು ಇಲ್ಲಿ ಮೊಟ್ಟೆ ಇಡುತ್ತದೆ, ಮರಿಗಳಿಗೆ ದಿಮ್ಮಿ ಅಡ್ಡವಿರುವ ನಿಧಾನದ ಮಡುವೇ ಬೇಕು. 1930ರ ದಶಕದಲ್ಲಿ ದಡಕ್ಕೆ ಕಲ್ಲು ಕಟ್ಟಿದ್ದರು. ಹೊಳೆ ಕಾಲುವೆಯಾಗಿ ರಭಸ ಹೆಚ್ಚಿ ಮರಿಗಳಿಗೆ ನೆಲೆ ತಪ್ಪಿತು. ಈಚಿನ ವರ್ಷಗಳಲ್ಲಿ ಆ ಕಲ್ಲುಗಳನ್ನೇ ಕೀಳಿಸಿದ್ದಾರೆ.

ಈ ಕಾಡು ಉಳಿದದ್ದು ವಿಲಿಯಂ ಕೆಂಟ್, ಎಲಿಜಬೆತ್ ಕೆಂಟ್ ದಂಪತಿಯಿಂದ. 1905ರಲ್ಲಿ 45,000 ಡಾಲರಿಗೆ 611 ಎಕರೆ ಕೊಂಡರು. ನೀರಿನ ಕಂಪನಿಯೊಂದು ಅಣೆಕಟ್ಟಿಗಾಗಿ ಜಾಗ ಕಿತ್ತುಕೊಳ್ಳಲು ಹೊರಟಾಗ 295 ಎಕರೆಯನ್ನು ಸರ್ಕಾರಕ್ಕೇ ದಾನ ಕೊಟ್ಟರು; 1908ರ ಜನವರಿ 9ರಂದು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ತನ್ನ ಹೆಸರಿಡುವುದು ಬೇಡವೆಂದ ಕೆಂಟ್, ನಿಸರ್ಗಪ್ರೇಮಿ ಜಾನ್ ಮ್ಯೂರ್ ಹೆಸರನ್ನೇ ಇಡಿಸಿದರು. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ.

ಶನಿವಾರ, ಭಾನುವಾರ ಜನಜಂಗುಳಿ, ವಾರದ ನಡುವೆ ಹೋಗೋಣ. ವಿಮಾನದ ಟಿಕೆಟ್ ಆದ ಕೂಡಲೇ ತಾರೀಕು ತಿಳಿಸಿ, ಬುಕಿಂಗ್ ಮಾಡುತ್ತೇನೆ.

ಇತಿ ನಿಮ್ಮ ಮಗಳು