ವಿಂಪ್ ಸಿಗದ ಮಾತ್ರಕ್ಕೆ ಕಪ್ಪು ದ್ರವ್ಯ ಸುಳ್ಳಾಗದು

ಮಾನ್ಯ ಸಂಪಾದಕರೇ,

ವಿಂಪ್ ಕಣಗಳು (ಬೇರೆ ದ್ರವ್ಯದೊಡನೆ ತೀರ ದುರ್ಬಲವಾಗಿ ವರ್ತಿಸುವ, ಭಾರವಾದ ಊಹಿತ ಕಣಗಳು) ಈ ಬಾರಿಯೂ ಪತ್ತೆಯಾಗಲಿಲ್ಲ ಎಂಬ ವರದಿ ಬಂದಾಗಲೆಲ್ಲ, ಬೆಳಕು ಬೀರದೆ ಗುರುತ್ವದಿಂದಷ್ಟೇ ತನ್ನ ಇರವು ತೋರುವ ಕಪ್ಪು ದ್ರವ್ಯವೆಂಬುದೇ ವಿಜ್ಞಾನಿಗಳ ಕಲ್ಪನೆ ಎಂಬ ಮಾತು ಕೇಳಿಬರುತ್ತದೆ. ದಾವಣಗೆರೆಯ ಕಾಲೇಜು ವಿದ್ಯಾರ್ಥಿಗಳ ಬಾಯಲ್ಲೂ ಇದನ್ನು ಕೇಳುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಖಗೋಳ ವಿಜ್ಞಾನಿಗಳಾದ ಫ್ರಿಟ್ಜ್ ಜ್ವಿಕಿ 1933ರಲ್ಲಿ ಕೋಮಾ ಗ್ಯಾಲಕ್ಸಿ ಗುಚ್ಛದಲ್ಲಿ, 1970ರ ದಶಕದಲ್ಲಿ ವೆರಾ ರೂಬಿನ್ ಸುರುಳಿ ಗ್ಯಾಲಕ್ಸಿಗಳಲ್ಲಿ ಗುರುತಿಸಿದ್ದು ಕಣ್ಣಿಗೆ ಕಾಣುವ ದ್ರವ್ಯಕ್ಕೆ ಮೀರಿದ ಗುರುತ್ವವನ್ನು. ವಿಶ್ವದ ಒಟ್ಟು ದ್ರವ್ಯ ಮತ್ತು ಶಕ್ತಿಯಲ್ಲಿ ಸಾಮಾನ್ಯ ದ್ರವ್ಯ ಶೇ 5ರಷ್ಟಿದ್ದರೆ ಕಪ್ಪು ದ್ರವ್ಯ ಸುಮಾರು ಶೇ 27ರಷ್ಟಿದೆ ಎಂಬ ಲೆಕ್ಕ ವಿಂಪ್ ಅನ್ನು ನೆಚ್ಚಿಕೊಂಡು ನಿಂತಿಲ್ಲ. ವಿಂಪ್ ಅನೇಕ ಊಹೆಗಳಲ್ಲಿ ಒಂದು, ಅಷ್ಟೇ. ಅಮೆರಿಕದ ಹಳೆಯ ಚಿನ್ನದ ಗಣಿಯೊಂದರಲ್ಲಿ ಟನ್‌ಗಟ್ಟಲೆ ದ್ರವ ಕ್ಸೆನಾನ್ ತುಂಬಿಸಿ ವಿಂಪ್ ಡಿಕ್ಕಿಗಾಗಿ ಕಾಯುತ್ತಿರುವ ಎಲ್‌ಝಡ್ ಪ್ರಯೋಗ ಆ ಊಹೆಯ ಒಂದು ಭಾಗವನ್ನು ತಳ್ಳಿಹಾಕಿದೆಯೇ ಹೊರತು ಕಪ್ಪು ದ್ರವ್ಯವನ್ನಲ್ಲ.

ಉಳಿದ ಅಭ್ಯರ್ಥಿಗಳಲ್ಲಿ ನನಗೆ ಅತ್ಯಂತ ಭರವಸೆಯದೆನಿಸುವುದು ಆಕ್ಸಿಯಾನ್ ಎಂಬ ತೀರ ಹಗುರವಾದ ಊಹಿತ ಕಣ. ಇದನ್ನು ಕಪ್ಪು ದ್ರವ್ಯಕ್ಕೆಂದು ಹುಟ್ಟುಹಾಕಿದ್ದಲ್ಲ. ನ್ಯೂಟ್ರಾನ್‌ನ ವಿದ್ಯುತ್ ದ್ವಿಧ್ರುವ ಗುಣ, ಎಂದರೆ ಅದರೊಳಗಿನ ಧನ ಮತ್ತು ಋಣ ವಿದ್ಯುದಂಶಗಳ ನಡುವಿನ ಅಂತರ, ಅಳತೆಗೇ ಸಿಗದಷ್ಟು ಕಡಿಮೆ ಏಕೆ ಎಂಬ ಬೇರೆಯದೇ ಒಗಟಿಗೆ 1977ರಲ್ಲಿ ಭೌತವಿಜ್ಞಾನಿಗಳಾದ ಪೆಚ್ಚೆ ಮತ್ತು ಕ್ವಿನ್ ಕೊಟ್ಟ ಪರಿಹಾರದಿಂದ ಇಂಥ ಕಣವೊಂದು ಇರಲೇಬೇಕೆಂದು ವೈನ್‌ಬರ್ಗ್ ಮತ್ತು ವಿಲ್ಚೆಕ್ ಮರುವರ್ಷ ತೋರಿಸಿದರು. ಇದನ್ನು ಹುಡುಕುವ ಬಗೆಯೂ ಬೇರೆ. ಪ್ರಬಲ ಅಯಸ್ಕಾಂತದೊಳಗೆ ತಾಮ್ರ ಲೇಪಿಸಿದ ಟೊಳ್ಳು ಪಾತ್ರೆಯನ್ನಿಟ್ಟು, ಅದನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿ, ಒಳಗಿನ ಕಡ್ಡಿಗಳನ್ನು ಅತಿ ಸೂಕ್ಷ್ಮವಾಗಿ ಸರಿಸುತ್ತ, ಆಕ್ಸಿಯಾನ್ ಮೈಕ್ರೊವೇವ್ ಆಗಿ ಮಾರ್ಪಡುವ ಕ್ಷಣಕ್ಕೆ ಕಾಯುತ್ತಾರೆ. ಹಳೆಯ ರೇಡಿಯೊದ ತಿರುಪು ತಿರುಗಿಸುತ್ತ ಭದ್ರಾವತಿ ಕೇಂದ್ರವನ್ನು ಹಿಡಿಯುತ್ತಿದ್ದಂತೆಯೇ ಇದು, ಆದರೆ ಕೇಂದ್ರ ಯಾವ ಆವರ್ತನದಲ್ಲಿದೆಯೆಂದು ಇಲ್ಲಿ ಯಾರಿಗೂ ತಿಳಿದಿಲ್ಲ. ಆದ್ದರಿಂದಲೇ ಕೆಲಸ ನಿಧಾನ.

ಸ್ಟೆರೈಲ್ ನ್ಯೂಟ್ರಿನೊ ಮತ್ತೊಂದು ಸಾಧ್ಯತೆ. ದ್ರವ್ಯವನ್ನು ಬಹುತೇಕ ತಾಕದೆ ಹಾದುಹೋಗುವ ನ್ಯೂಟ್ರಿನೊ ಕಣಕ್ಕೆ ಇದು ಇನ್ನೂ ನಿರ್ಲಿಪ್ತನಾದ ಊಹಿತ ಬಂಧು. 2014ರಲ್ಲಿ ಗ್ಯಾಲಕ್ಸಿ ಗುಚ್ಛಗಳ ಎಕ್ಸ್-ಕಿರಣಗಳಲ್ಲಿ ಸುಮಾರು 3.5 ಕಿಲೊ ಎಲೆಕ್ಟ್ರಾನ್ ವೋಲ್ಟ್‌ನ ಕ್ಷೀಣ ರೇಖೆಯೊಂದು ಕಂಡಾಗ, ಅದು ಈ ಕಣ ಒಡೆದು ಹೊಮ್ಮಿದ್ದಿರಬಹುದೆಂಬ ಆಸೆ ಚಿಗುರಿತ್ತು. ಅನಂತರದ ವೀಕ್ಷಣೆಗಳು ಅದಕ್ಕೆ ಒಮ್ಮತದ ಬೆಂಬಲ ಕೊಟ್ಟಿಲ್ಲ.

ಊಹಿಸಿದ ಕಣ ಕೈಗೆ ಸಿಗಲು ದಶಕಗಳೇ ಬೇಕಾಗಬಹುದು: ಭೌತವಿಜ್ಞಾನಿ ಪೌಲಿ 1930ರಲ್ಲಿ ಊಹಿಸಿದ ನ್ಯೂಟ್ರಿನೊ ಪತ್ತೆಯಾದದ್ದು 1956ರಲ್ಲಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಗುರುತಿಸಿದ ಪ್ರಯೋಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯದೂ ಒಂದು. ಅಂಥ ನಾಡಿನ ಓದುಗರಿಗೆ, ಪ್ರಯೋಗವು ಯಾವ ಕಣವನ್ನು ಯಾವ ದ್ರವ್ಯರಾಶಿಯ ವ್ಯಾಪ್ತಿಯಲ್ಲಿ ಹುಡುಕಿತು, ಇನ್ನೇನು ಉಳಿದಿದೆ ಎಂಬುದನ್ನು ಪ್ರತಿ ವರದಿಯಲ್ಲೂ ತಿಳಿಸಬೇಕೆಂದು ಕೋರುತ್ತೇನೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಇರುವಾಗ, ಅಲ್ಲಿ ಈ ವಿಷಯ ಕುರಿತು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಉಪನ್ಯಾಸಗಳು ನಡೆದರೆ ಇನ್ನೂ ಒಳ್ಳೆಯದು.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ